ರಾಸಾಯನಿಕಗಳಿಂದ ಕೆಟ್ಟ ನೆಲ: ಹಾನಿಯನ್ನು ಗುರುತಿಸುವ, ಸರಿಪಡಿಸುವ ಮತ್ತು ತಡೆಯುವ ಸಮಗ್ರ ಮಾರ್ಗದರ್ಶಿ

ಮಾರ್ಬಲ್ ನೆಲದ ಮೇಲೆ ನಿಂಬೆರಸ ಚೆಲ್ಲಿದ ಜಾಗದಲ್ಲಿ ಉಳಿಯುವ ಮಂಕು ಗುರುತನ್ನು ಹೆಚ್ಚಿನವರು ಕಲೆಯೆಂದೇ ತಿಳಿದು ಉಜ್ಜತೊಡಗುತ್ತಾರೆ. ಸೋಪಿನಿಂದ ಹೋಗದಿದ್ದಾಗ ಇನ್ನೂ ಪ್ರಬಲವಾದ ಕ್ಲೀನರ್ ತರುತ್ತಾರೆ, ಅದರಿಂದಲೂ ಹೋಗದಿದ್ದಾಗ ಶೌಚಾಲಯ ತೊಳೆಯುವ ಆ್ಯಸಿಡ್ಡನ್ನೇ ಸುರಿಯುತ್ತಾರೆ, ಅಂಗೈಯಗಲದ ಗುರುತು ಮೊಳದಗಲದ್ದಾಗುತ್ತದೆ. ವಾಸ್ತವದಲ್ಲಿ ಅಲ್ಲಿ ನೆಲಕ್ಕೆ ಏನೂ ಅಂಟಿಕೊಂಡಿರುವುದಿಲ್ಲ. ನೆಲದ್ದೇ ಒಂದು ತೆಳು ಪದರ ಕರಗಿ ಹೋಗಿರುತ್ತದೆ. ಕರಗಿ ಹೋದ ಕಲ್ಲನ್ನು ತೊಳೆದು ಮರಳಿ ತರಲು ಸಾಧ್ಯವಿಲ್ಲ. ನೆಲಗಳಿಗೆ ಆಗುವ ರಾಸಾಯನಿಕ ಹಾನಿ ಅನೇಕ ಸಲ ಶುಚಿಗೊಳಿಸುವಾಗಲೇ ಆಗುವಂಥದ್ದು, ಮತ್ತು ಆ ಹಾನಿಯನ್ನು ಅಳಿಸಲೆಂದು ಅವಸರದಲ್ಲಿ ಬಳಸಿದ ಎರಡನೆಯ ರಾಸಾಯನಿಕವು ಮೊದಲನೆಯದಕ್ಕಿಂತ ಹೆಚ್ಚು ಕೆಡಿಸಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಆದ್ದರಿಂದ ಇಲ್ಲಿ ವಿವರಿಸಿರುವ ಪ್ರತಿಯೊಂದು ಕೆಲಸದಲ್ಲೂ ಒಂದೇ ಕ್ರಮವಿದೆ: ನೆಲದಿಂದ ಏನು ಹೋಗಿದೆ ಎಂಬುದನ್ನು ಮೊದಲು ತಿಳಿಯಬೇಕು, ಆಮೇಲೆ ಕೈಹಾಕಬೇಕು.

ಈಗಷ್ಟೇ ಚೆಲ್ಲಿದ್ದರೆ

ಆಮ್ಲವಾಗಲಿ ಕ್ಷಾರವಾಗಲಿ ನೆಲದ ಮೇಲೆ ಇರುವಷ್ಟು ಹೊತ್ತೂ ತನ್ನ ಕೆಲಸ ಮಾಡುತ್ತಲೇ ಇರುತ್ತದೆ, ಹಾಗಾಗಿ ಮೊದಲ ಕೆಲವು ನಿಮಿಷಗಳು ಬಹಳ ಮುಖ್ಯ. ಕಿಟಕಿಗಳನ್ನು ತೆರೆದು, ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ದೂರ ಕಳುಹಿಸಿ, ರಬ್ಬರ್ ಕೈಗವಸು ಮತ್ತು ಕಣ್ಣಿನ ರಕ್ಷಣೆಯ ಕನ್ನಡಕ ಧರಿಸಿದ ಮೇಲೆಯೇ ಕೆಲಸಕ್ಕೆ ಇಳಿಯಿರಿ. ಚೆಲ್ಲಿದ ದ್ರವವನ್ನು ಹಳೆಯ ಬಟ್ಟೆಯಿಂದ ಒತ್ತಿ ಹೀರಿಸಬೇಕೇ ಹೊರತು ಒರೆಸಬಾರದು. ಒರೆಸಿದರೆ ಅದು ಹರಡಿ ಒಳ್ಳೆಯ ಜಾಗವನ್ನೂ ಕೆಡಿಸುತ್ತದೆ. ಸಲ್ಫ್ಯೂರಿಕ್ ಆಮ್ಲವಿರುವ ಡ್ರೈನ್ ಕ್ಲೀನರ್ ಚೆಲ್ಲಿದ್ದರೆ ಬಟ್ಟೆ, ಕಾಗದ ಬೇಡ; ಗಾಢವಾದ ಆ ಆಮ್ಲ ಅವುಗಳನ್ನು ಸುಟ್ಟು ಕರಕಲು ಮಾಡಬಲ್ಲದು. ಅಂಥ ಸಂದರ್ಭದಲ್ಲಿ ಒಣ ಮರಳನ್ನು ಸುರಿದು, ಹೀರಿಕೊಂಡ ಮೇಲೆ ಪ್ಲಾಸ್ಟಿಕ್ ಮೊರದಲ್ಲಿ ಎತ್ತಬೇಕು.

ಹೀರಿಸಿದ ನಂತರ ಕಲ್ಲು, ಟೈಲ್ಸ್ ಮತ್ತು ಸಿಮೆಂಟ್ ನೆಲಗಳಿಗೆ ಧಾರಾಳವಾಗಿ ನೀರು ಬಳಸಿ, ಪ್ರತಿ ಸಲವೂ ಆ ನೀರನ್ನು ತೆಗೆದುಹಾಕಿ. ಮರದ ನೆಲಕ್ಕೆ ನೀರು ಸುರಿಯುವಂತಿಲ್ಲ. ಹಿಂಡಿದ ಒದ್ದೆ ಬಟ್ಟೆಯನ್ನು ಬದಲಿಸುತ್ತ ಹಲವು ಸಲ ಒತ್ತಬೇಕು. ಆಮ್ಲ ಚೆಲ್ಲಿದ್ದಾದರೆ, ನೀರಿನಿಂದ ತೆಳುವಾದ ಮೇಲೆ ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡಾ ಬೆರೆಸಿ ಹಾಕಿ. ನೊರೆ ಏಳುವುದು ನಿಂತರೆ ಆಮ್ಲ ಮುಗಿಯಿತೆಂದು ತಿಳಿದು ಕೊನೆಯದಾಗಿ ಶುದ್ಧ ನೀರಿನಿಂದ ತೊಳೆಯಿರಿ. ಕಾಸ್ಟಿಕ್ ಸೋಡಾದಂಥ ಪ್ರಬಲ ಕ್ಷಾರ ಚೆಲ್ಲಿದರೆ ಅದನ್ನು ಆಮ್ಲ ಹಾಕಿ ಶಮನ ಮಾಡುವ ಯೋಚನೆ ಬೇಡ. ಪ್ರಬಲವಾದ ಎರಡು ಸೇರಿದಾಗ ಹುಟ್ಟುವ ಶಾಖದಿಂದ ದ್ರಾವಣ ಸಿಡಿಯಬಹುದು. ಅಲ್ಲಿ ನೀರೊಂದೇ ಸಾಕು, ಆದರೆ ಮತ್ತೆ ಮತ್ತೆ ಬೇಕು. ಬ್ಲೀಚ್ ಬಿದ್ದ ನೆಲದ ಮೇಲೆ ಯಾವುದೇ ಆಮ್ಲ ಹಾಕಿದರೆ ಕ್ಲೋರಿನ್ ಅನಿಲವೂ, ಅಮೋನಿಯಾ ಹಾಕಿದರೆ ಕ್ಲೋರಮಿನ್ ಅನಿಲಗಳೂ ಹೊರಬರುತ್ತವೆ. ಎರಡೂ ಶ್ವಾಸಕೋಶಕ್ಕೆ ಅಪಾಯಕಾರಿ. ಮುಚ್ಚಿದ ಸ್ನಾನದ ಮನೆಯಲ್ಲಿ ಈ ತಪ್ಪು ಪ್ರಾಣಕ್ಕೇ ಎರವಾಗಬಲ್ಲದು.

ಏನು ಹೋಗಿದೆ ಎಂಬುದನ್ನು ತಿಳಿಯುವ ಬಗೆ

ನೆಲ ಪೂರ್ತಿ ಒಣಗಿದ ಮೇಲೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ತಾಗುವಷ್ಟು ಕೆಳಗೆ ಹಿಡಿದು ಓರೆಯಾಗಿ ಬೆಳಕು ಹಾಯಿಸಿ ನೋಡಿ. ಮೇಲಿನಿಂದ ಬೀಳುವ ಬೆಳಕಿನಲ್ಲಿ ಕಾಣದ ಎಷ್ಟೋ ಸಂಗತಿ ಈ ಓರೆ ಬೆಳಕಿನಲ್ಲಿ ಕಾಣುತ್ತದೆ. ಬಣ್ಣ ಬದಲಾಗಿದ್ದರೂ ಬೆಳಕಿನ ಪ್ರತಿಬಿಂಬ ಆ ಜಾಗದ ಮೇಲೆ ಎಲ್ಲಿಯೂ ಕಡಿಯದೆ ಹರಿದರೆ, ಅದು ಒಳಗೆ ಇಂಗಿದ ಕಲೆ. ಬಣ್ಣ ಹೆಚ್ಚುಕಡಿಮೆ ಹಾಗೆಯೇ ಇದ್ದು ಪ್ರತಿಬಿಂಬ ಮಾತ್ರ ಅಲ್ಲಿ ಒಡೆದು ಮಸುಕಾದರೆ, ಮೇಲ್ಮೈ ಸವೆದಿದೆ. ಉಗುರನ್ನು ಗುರುತಿನ ಅಂಚಿನ ಮೇಲೆ ಮೆಲ್ಲನೆ ಎಳೆದಾಗ ಒರಟಾಗಿ ತಗುಲಿದರೆ ಸವೆತ ಆಳವಾಗಿದೆ ಎಂದರ್ಥ. ನೆಲ ಬಿಳಿಚಿಕೊಂಡು, ಅಂಟಂಟಾಗಿ ಅಥವಾ ಪದರ ಎದ್ದಂತೆ ಕಂಡರೆ ಹಾನಿ ಮೇಲೆ ಬಳಿದ ಲೇಪಕ್ಕೆ ಆಗಿರುವ ಸಾಧ್ಯತೆ ಹೆಚ್ಚು.

ಎಲ್ಲಕ್ಕಿಂತ ಸಾಮಾನ್ಯವಾದ ನಾಲ್ಕನೆಯ ಬಗೆಯೊಂದಿದೆ. ಅದು ಹಾನಿಯೇ ಅಲ್ಲ, ಕ್ಲೀನರ್‌ನ ಉಳಿಕೆ. ಅಳತೆ ಮೀರಿ ಹಾಕಿದ ಸೋಪು ಅಥವಾ ಸೋಂಕುನಾಶಕವು ತೊಳೆದು ಹೋಗದೆ ಒಣಗಿ, ಮಂಕಾದ ಜಿಡ್ಡಿನ ಪೊರೆಯಾಗಿ ಕೂರುತ್ತದೆ. ಇದನ್ನು ಸವೆತವೆಂದು ತಿಳಿದು ನೆಲ ಉಜ್ಜಿಸಿದವರಿದ್ದಾರೆ. ಒಂದು ಚದರ ಅಡಿ ಜಾಗವನ್ನು ಬರೀ ಬೆಚ್ಚನೆಯ ನೀರು ಮತ್ತು ಶುಭ್ರವಾದ ಮೈಕ್ರೋಫೈಬರ್ ಬಟ್ಟೆಯಿಂದ ಮೂರು ಸಲ ಒರೆಸಿ, ಒಣಗಿದ ಮೇಲೆ ಸುತ್ತಲಿನ ಜಾಗದೊಂದಿಗೆ ಹೋಲಿಸಿ. ಹೊಳಪು ಮರಳಿದ್ದರೆ ಉಳಿದ ನೆಲಕ್ಕೂ ಅಷ್ಟೇ ಮಾಡಿದರೆ ಸಾಕು. ಒದ್ದೆಯಿರುವಾಗಲೇ ತೀರ್ಮಾನಿಸಬೇಡಿ, ಏಕೆಂದರೆ ನೀರು ಸವೆದ ಮೇಲ್ಮೈಯ ಸಣ್ಣ ಗುಳಿಗಳನ್ನು ತುಂಬಿ ಎಲ್ಲವನ್ನೂ ಕ್ಷಣಕಾಲ ಹೊಳೆಯುವಂತೆ ತೋರಿಸುತ್ತದೆ.

ನೆಲ ಯಾವುದೆಂದು ಗೊತ್ತಿಲ್ಲದಿದ್ದರೆ ಉಳಿದ ತುಂಡೊಂದರ ಮೇಲೆ, ಅದೂ ಇಲ್ಲದಿದ್ದರೆ ಕಪಾಟಿನ ಅಡಿಯಂಥ ಮರೆಯ ಜಾಗದಲ್ಲಿ ಪರೀಕ್ಷಿಸಬೇಕು. ಮಾರ್ಬಲ್ ಮತ್ತು ಸುಣ್ಣಕಲ್ಲಿನ ಗಡಸುತನ ಮೋಸ್ ಮಾಪಕದಲ್ಲಿ ಸುಮಾರು 3. ಚಾಕುವಿನ ಮೊನೆ ಅವುಗಳನ್ನು ಗೀರುತ್ತದೆ. ಗ್ರಾನೈಟಿನದು 6ರಿಂದ 7, ಅದನ್ನು ಚಾಕು ಗೀರದು. ಗೀರಿದಾಗ ಬಂದ ಪುಡಿಯ ಮೇಲೆ ಒಂದು ಹನಿ ವಿನೆಗರ್ ಹಾಕಿದಾಗ ಸಣ್ಣ ಗುಳ್ಳೆಗಳು ಎದ್ದರೆ ಆ ಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟಿನದು. ಮರದ ನೆಲದ ಲೇಪ ತಿಳಿಯಲು ಮರೆಯ ಜಾಗದಲ್ಲಿ ಒಂದು ಹನಿ ಸ್ಪಿರಿಟ್ ಹಾಕಿ: ಲೇಪ ಮೆತ್ತಗಾಗಿ ಅಂಟಿದರೆ ಅದು ಅರಗಿನ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಮೆತ್ತಗಾದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಬಹುಮಟ್ಟಿಗೆ ಪಾಲಿಯುರೆಥೇನ್. ಟರ್ಪೆಂಟೈನ್ ಹಚ್ಚಿದ ಬಿಳಿ ಬಟ್ಟೆಯಿಂದ ಉಜ್ಜಿದಾಗ ಹಳದಿ ಅಥವಾ ಕಂದು ಜಿಡ್ಡು ಬಂದರೆ ಮೇಲೆ ಮೇಣವಿದೆ.

ಯಾವುದು ಯಾವುದನ್ನು ಕೆಡಿಸುತ್ತದೆ

ಡೆನ್ಮಾರ್ಕಿನ ರಸಾಯನವಿಜ್ಞಾನಿ ಸೋರೆನ್ಸನ್ 1909ರಲ್ಲಿ ರೂಪಿಸಿದ ಪಿಎಚ್ ಮಾಪಕವು ನೆಲದ ಆರೈಕೆಯಲ್ಲಿ ದಿನನಿತ್ಯ ಬೇಕಾಗುವ ಸಾಧನ. 7 ತಟಸ್ಥ, ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ಇಲ್ಲಿ ಪ್ರತಿ ಮೆಟ್ಟಿಲೂ ಹತ್ತು ಪಟ್ಟು ಎಂಬುದನ್ನು ಮರೆಯಬಾರದು. ಪಿಎಚ್ 2ರ ಆಸುಪಾಸಿನ ನಿಂಬೆರಸವು ತಟಸ್ಥ ನೀರಿಗಿಂತ ಸುಮಾರು ಒಂದು ಲಕ್ಷ ಪಟ್ಟು ಆಮ್ಲೀಯ. ಆಮ್ಲವು ಮಾರ್ಬಲ್, ಸುಣ್ಣಕಲ್ಲು, ಮೊಸಾಯಿಕ್, ಸಿಮೆಂಟ್ ಮತ್ತು ಟೈಲ್ಸ್ ಸಂದುಗಳನ್ನು ತುಂಬುವ ಗ್ರೌಟ್ ಇವೆಲ್ಲವನ್ನೂ ಕರಗಿಸುತ್ತದೆ, ಏಕೆಂದರೆ ಇವೆಲ್ಲದರಲ್ಲೂ ಆಮ್ಲಕ್ಕೆ ಕರಗುವ ಕ್ಯಾಲ್ಸಿಯಂ ಸಂಯುಕ್ತಗಳಿವೆ. ಹೈಡ್ರೋಕ್ಲೋರಿಕ್ ಆಮ್ಲ ಮಾರ್ಬಲ್ ಮೇಲೆ ಬಿದ್ದಾಗ ಏಳುವ ನೊರೆ ಇಂಗಾಲದ ಡೈಆಕ್ಸೈಡ್. ಉಳಿಯುವ ಕ್ಯಾಲ್ಸಿಯಂ ಕ್ಲೋರೈಡ್ ನೀರಿನಲ್ಲಿ ಕರಗಿ ಹೋಗುತ್ತದೆ. ಕಲ್ಲೇ ನೊರೆಯಾಗುತ್ತಿರುವಾಗ ಕೊಳೆ ಹೋಗುತ್ತಿದೆಯೆಂದು ಸಂತೋಷಪಡುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕ್ಷಾರದ ಗುರಿ ಬೇರೆ: ಎಣ್ಣೆ, ಮೇಣ ಮತ್ತು ಪಾಲಿಮರ್ ಲೇಪಗಳು. ಎಣ್ಣೆಯು ಪ್ರಬಲ ಕ್ಷಾರದೊಂದಿಗೆ ಸೇರಿದರೆ ಸೋಪಾಗುತ್ತದೆ. ಎಣ್ಣೆ ಕುಡಿಸಿದ ಮರದ ನೆಲದಲ್ಲೂ, ಅಗಸೆ ಎಣ್ಣೆಯನ್ನೇ ಆಧಾರವಾಗಿಸಿಕೊಂಡ ಲಿನೋಲಿಯಂ ಎಂಬ ನೆಲಹಾಸಿನಲ್ಲೂ ನಡೆಯುವುದು ಇದೇ. ಅಸಿಟೋನ್, ಥಿನ್ನರ್, ಸ್ಪಿರಿಟ್‌ನಂಥ ದ್ರಾವಕಗಳು ಲೇಪವನ್ನು ಕರಗಿಸುತ್ತವೆ, ವಿನೈಲ್ ಎಂಬ ಪ್ಲಾಸ್ಟಿಕ್ ನೆಲಹಾಸನ್ನು ಮೆತ್ತಗಾಗಿಸುತ್ತವೆ. ಬ್ಲೀಚ್ ಮರದ ಬಣ್ಣವನ್ನು ಕೀಳುತ್ತದೆ. ಟೈಲ್ಸ್‌ನ ಗಾಜಿನಂಥ ಹೊಳಪು ಮೈಯನ್ನೂ ಗ್ರಾನೈಟನ್ನೂ ಕೆಡಿಸುವುದು ಮುಖ್ಯವಾಗಿ ಒಂದೇ ಆಮ್ಲ, ಹೈಡ್ರೋಫ್ಲೋರಿಕ್. ಅದು ಅಥವಾ ಅದರ ಸಂಬಂಧಿಯಾದ ಅಮೋನಿಯಂ ಬೈಫ್ಲೋರೈಡ್ ಕೆಲವು ತುಕ್ಕು ತೆಗೆಯುವ ದ್ರವಗಳಲ್ಲಿ ಇರುತ್ತದೆ. ಇವು ಚರ್ಮದ ಮೂಲಕ ಒಳಗಿಳಿದು ಮನುಷ್ಯನಿಗೂ ತೀವ್ರ ಹಾನಿ ಮಾಡುವುದರಿಂದ ಮನೆಯೊಳಗೆ ತರದಿರುವುದೇ ಒಳಿತು.

ಮಾರ್ಬಲ್ ಮತ್ತು ಮೊಸಾಯಿಕ್

ಬೆರಳಿಗೆ ನುಣುಪಾಗಿಯೇ ಇದ್ದು ಕಣ್ಣಿಗೆ ಮಾತ್ರ ಮಂಕಾಗಿ ಕಾಣುವ ಗುರುತನ್ನು ಪಾಲಿಶಿಂಗ್ ಪೌಡರ್‌ನಿಂದ ಮನೆಯಲ್ಲೇ ಸರಿಪಡಿಸಬಹುದು. ಟಿನ್ ಆಕ್ಸೈಡ್ ಅಥವಾ ಅಲ್ಯುಮಿನಿಯಂ ಆಕ್ಸೈಡ್ ಇರುವ, ಮಾರ್ಬಲ್‌ಗೆಂದೇ ತಯಾರಾದ ಪುಡಿಯನ್ನು ಆರಿಸಿಕೊಳ್ಳಿ. ಮೊದಲು ಆ ಜಾಗವನ್ನು ತಟಸ್ಥ ಕ್ಲೀನರ್‌ನಿಂದ ತೊಳೆದು, ಮರಳಿನ ಒಂದು ಕಣವೂ ಉಳಿಯದಂತೆ ಒರೆಸಿ. ಅಂಗೈಯಗಲಕ್ಕೆ ಒಂದು ಚಮಚದಷ್ಟು ಪುಡಿ ಹಾಕಿ, ನೀರು ಚಿಮುಕಿಸಿ, ತೆಳುವಾದ ಲೇಪದ ಹದಕ್ಕೆ ತನ್ನಿ. ಫೆಲ್ಟ್ ಪ್ಯಾಡ್ ಅಥವಾ ಮಡಿಸಿದ ಒದ್ದೆ ಹತ್ತಿ ಬಟ್ಟೆಯಿಂದ ಒತ್ತಿ, ವೃತ್ತಾಕಾರವಾಗಿ, ಎರಡು ಮೂರು ನಿಮಿಷ ಉಜ್ಜಿ. ಲೇಪ ಒಣಗಲು ಬಿಡಬೇಡಿ. ತೊಳೆದು, ಒಣಗಿಸಿ, ಓರೆ ಬೆಳಕಿನಲ್ಲಿ ನೋಡಿ, ಬೇಕಿದ್ದರೆ ಪುನರಾವರ್ತಿಸಿ. ಇಂಥ ಕೆಲವು ಪುಡಿಗಳಲ್ಲಿ ಆಕ್ಸಾಲಿಕ್ ಆಮ್ಲವೂ ಇರುತ್ತದೆ. ಅವು ಬೇಗ ಹೊಳಪು ಕೊಡುತ್ತವೆ, ಆದರೆ ಹೆಚ್ಚು ಹೊತ್ತು ಉಜ್ಜಿದರೆ ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ಸಣ್ಣಗೆ ಉಬ್ಬುತಗ್ಗಾಗುತ್ತದೆ. ಕೈಗವಸು ಇಲ್ಲದೆ ಅವನ್ನು ಮುಟ್ಟಬಾರದು.

ಉಗುರಿಗೆ ತಗುಲುವ ಸವೆತಕ್ಕೆ ಪುಡಿ ಸಾಲದು. ಸುತ್ತಲಿನ ಕಲ್ಲನ್ನೂ ಸ್ವಲ್ಪ ಸವೆಸಿ ಗುರುತಿನ ತಳಕ್ಕೆ ಸಮ ಮಾಡಬೇಕು, ಆಮೇಲೆ ಹೊಳಪನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು. ಇದಕ್ಕೆ 400, 800, 1500 ಮತ್ತು 3000 ಗ್ರಿಟ್‌ನ ಡೈಮಂಡ್ ಪ್ಯಾಡ್‌ಗಳು ಬೇಕು (ಗ್ರಿಟ್ ಎಂದರೆ ಒರಟುತನದ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ಪ್ಯಾಡ್ ನಯ). ಗುರುತು ತೀರ ಆಳವಾಗಿದ್ದರೆ 200 ಕೂಡ.

ಹಂತ 1. ಸಾಧ್ಯವಿರುವಷ್ಟು ನಯವಾದ ಪ್ಯಾಡಿನಿಂದ ಆರಂಭಿಸಿ. 800ರಿಂದ ಅರ್ಧ ನಿಮಿಷ ಉಜ್ಜಿದರೂ ಗುರುತಿನ ಅಂಚು ಕರಗದಿದ್ದರೆ ಮಾತ್ರ 400ಕ್ಕೆ ಇಳಿಯಿರಿ. ಒರಟು ಪ್ಯಾಡಿನಿಂದ ಶುರು ಮಾಡಿದವರು ತಾವೇ ಹಾಕಿದ ಗೀರುಗಳನ್ನು ತೆಗೆಯುವುದರಲ್ಲೇ ದಿನ ಕಳೆಯಬೇಕಾಗುತ್ತದೆ.

ಹಂತ 2. ನೀರು ಹಾಕುತ್ತಲೇ ಇರಿ. ಕೈಯಿಂದ ಉಜ್ಜುವ ಪ್ಯಾಡ್ ಸಣ್ಣ ಗುರುತಿಗೆ ಸಾಕು. ಯಂತ್ರ ಬಳಸುವುದಾದರೆ ವೇಗ ಕಡಿಮೆ ಇರಲಿ, ಏಕೆಂದರೆ ಬಿಸಿಯಾದ ಪ್ಯಾಡಿನ ರಾಳ ಕರಗಿ ಕಲ್ಲಿಗೆ ಅಂಟಿ ಬಣ್ಣ ಬಿಡುತ್ತದೆ. ನೀರಿನ ಬಳಿ ವಿದ್ಯುತ್ ಯಂತ್ರ ನಡೆಸುವಾಗ, ಕರೆಂಟ್ ಸೋರಿದರೆ ತಾನಾಗಿ ಕಡಿತಗೊಳ್ಳುವ ಬ್ರೇಕರ್ ಇರುವ ಸಂಪರ್ಕವನ್ನೇ ಬಳಸಿ.

ಹಂತ 3. ಪ್ಯಾಡ್ ಸಪಾಟಾಗಿರಲಿ, ಒಂದೇ ಕಡೆ ಒತ್ತಬೇಡಿ. ಒಂದೇ ಜಾಗವನ್ನು ಕೆತ್ತಿದರೆ ಅಲ್ಲೊಂದು ತಗ್ಗು ಉಂಟಾಗಿ, ಹೊಳಪು ಬಂದ ಮೇಲೂ ಕಿಟಕಿಯ ಪ್ರತಿಬಿಂಬ ಅಲ್ಲಿ ಬಾಗಿ ಕಾಣುತ್ತದೆ. ಪ್ರತಿ ನಯವಾದ ಗ್ರಿಟ್‌ಗೂ ಹಿಂದಿನದಕ್ಕಿಂತ ಒಂದೆರಡು ಬೆರಳು ಹೆಚ್ಚು ಅಗಲಕ್ಕೆ ಉಜ್ಜುತ್ತ ಹೋಗಿ.

ಹಂತ 4. ಗ್ರಿಟ್ ಬದಲಿಸುವ ಮುನ್ನ ಕೆಸರನ್ನು ಪೂರ್ತಿ ತೊಳೆದು, ಒಣಗಿಸಿ, ಹಿಂದಿನ ಗ್ರಿಟ್‌ನ ಗೀರುಗಳು ಉಳಿದಿಲ್ಲವೆಂದು ಟಾರ್ಚ್ ಬೆಳಕಿನಲ್ಲಿ ಖಚಿತಪಡಿಸಿಕೊಳ್ಳಿ. ಈ ಪರೀಕ್ಷೆಯನ್ನು ಬಿಟ್ಟು ಮುಂದೆ ಹೋದರೆ 3000ದಲ್ಲಿ ಕಾಣುವ ಗೀರಿಗಾಗಿ ಮತ್ತೆ 400ಕ್ಕೆ ಮರಳಬೇಕಾಗುತ್ತದೆ.

ಹಂತ 5. ಕೊನೆಗೆ ಪಾಲಿಶಿಂಗ್ ಪೌಡರ್. ನೆಲವು ಮೊದಲಿನಿಂದಲೂ ಕನ್ನಡಿಯಂತೆ ಹೊಳೆಯದೆ ಮೃದುವಾದ ಮಂದ ಹೊಳಪಿನದ್ದಾಗಿದ್ದರೆ 400 ಅಥವಾ 800ರಲ್ಲೇ ನಿಲ್ಲಿಸಿ. ಇಲ್ಲದಿದ್ದರೆ ದುರಸ್ತಿಯಾದ ಜಾಗವೇ ಹೊಳೆಯುವ ಮಚ್ಚೆಯಾಗಿ ಉಳಿಯುತ್ತದೆ.

ಹಾನಿ ಒಂದು ಚದರ ಅಡಿಗಿಂತ ಹೆಚ್ಚಿದ್ದರೆ, ಅಥವಾ ಕೋಣೆಯುದ್ದಕ್ಕೂ ಹರಡಿದ್ದರೆ, ಅದನ್ನು ಕೈಯಿಂದ ಸರಿಮಾಡಲು ಹೊರಡುವುದು ವ್ಯರ್ಥ ಶ್ರಮ; ಇಡೀ ನೆಲವನ್ನು ಯಂತ್ರದಿಂದ ಉಜ್ಜಿಸುವುದೇ ಸರಿ. ಮೊಸಾಯಿಕ್ ನೆಲದಲ್ಲಿ ಕಲ್ಲಿನ ಚೂರುಗಳಿಗಿಂತ ಅವುಗಳ ನಡುವಿನ ಸಿಮೆಂಟ್ ಬೇಗ ಕರಗಿ ಗುಳಿಬೀಳುತ್ತದೆ, ಹಾಗಾಗಿ ಅಲ್ಲಿ ಗುಳಿಗಳನ್ನು ಹೊಂದುವ ಬಣ್ಣದ ಸಿಮೆಂಟ್ ಪೇಸ್ಟಿನಿಂದ ತುಂಬಿ, ಅದು ಗಟ್ಟಿಯಾದ ಮೇಲೆಯೇ ಉಜ್ಜಬೇಕು.

ಸವೆತದ ಜೊತೆ ಕಲೆಯೂ ಇಂಗಿದ್ದರೆ ಕಲೆಯನ್ನು ಮೊದಲು ತೆಗೆಯಬೇಕು. ಕೇಯೊಲಿನ್ ಜೇಡಿಯಂಥ ಬಿಳಿ ಪುಡಿಗೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಗಟ್ಟಿ ಲೇಪ ಮಾಡಿ, ಸುಮಾರು 6 ಮಿಲಿಮೀಟರ್ ದಪ್ಪಕ್ಕೆ ಹಚ್ಚಿ, ಸಣ್ಣ ರಂಧ್ರಗಳಿರುವ ಪ್ಲಾಸ್ಟಿಕ್ ಹಾಳೆ ಮುಚ್ಚಿ 24ರಿಂದ 48 ಗಂಟೆ ಬಿಡಿ. ಒಣಗುತ್ತಾ ಹೋದಂತೆ ಲೇಪವು ಕಲೆಯನ್ನು ಮೇಲಕ್ಕೆ ಹೀರಿಕೊಳ್ಳುತ್ತದೆ. ಪೆರಾಕ್ಸೈಡ್ ಬಣ್ಣ ತೆಗೆಯಬಲ್ಲದಾದ್ದರಿಂದ ಈ ವಿಧಾನ ತಿಳಿ ಬಣ್ಣದ ಕಲ್ಲಿಗೆ ಮಾತ್ರ.

ಗ್ರಾನೈಟ್, ಟೈಲ್ಸ್ ಮತ್ತು ಗ್ರೌಟ್

ಗ್ರಾನೈಟ್ ಸಾಮಾನ್ಯ ಆಮ್ಲಗಳಿಗೆ ಬಗ್ಗುವುದಿಲ್ಲ. ಆದರೂ ಅದರಲ್ಲಿನ ಕಬ್ಬಿಣಾಂಶವಿರುವ ಖನಿಜಗಳಿಂದ ಪ್ರಬಲ ಆಮ್ಲವು ಕಬ್ಬಿಣವನ್ನು ಬಿಡಿಸಿ ಹಳದಿ ತುಕ್ಕಿನ ಛಾಯೆ ಉಳಿಸಬಲ್ಲದು. ಹೈಡ್ರೋಫ್ಲೋರಿಕ್ ಆಮ್ಲದಿಂದ ಮಂಕಾದ ಗ್ರಾನೈಟನ್ನು ಮನೆಯಲ್ಲಿ ಸರಿಪಡಿಸಲಾಗದು. ಅಷ್ಟು ಗಡಸು ಕಲ್ಲಿಗೆ ವೃತ್ತಿಪರರ ಯಂತ್ರವೇ ಬೇಕು. ಮೇಲ್ಮೈಯ ಗಾಜು ಕರಗಿದ ಟೈಲ್ಸ್‌ಗೆ ದುರಸ್ತಿಯೇ ಇಲ್ಲ, ಅದನ್ನು ಬದಲಿಸಬೇಕು.

ಟೈಲ್ಸ್ ನೆಲದಲ್ಲಿ ನಿಜವಾಗಿ ಪೆಟ್ಟು ತಿನ್ನುವುದು ಗ್ರೌಟ್. ವರ್ಷಗಟ್ಟಲೆ ಆಮ್ಲದಿಂದ ತೊಳೆದ ಸ್ನಾನದ ಮನೆಯಲ್ಲಿ ಟೈಲ್ಸ್ ಹೊಸದರಂತೆ ಹೊಳೆಯುತ್ತಿದ್ದು, ಸಂದುಗಳು ಮಾತ್ರ ಮರಳು ಮರಳಾಗಿ ತಗ್ಗಿರುತ್ತವೆ. ಆ ತಗ್ಗಿನಿಂದ ನೀರು ಅಡಿಗೆ ಇಳಿಯುತ್ತದೆ. ಉಗುರಿನಿಂದ ಕೆರೆದಾಗ ಉದುರುವ ಗ್ರೌಟನ್ನು ಗಟ್ಟಿ ಪದರ ಸಿಗುವವರೆಗೆ, ಟೈಲ್ಸ್‌ನ ದಪ್ಪದ ಮೂರನೆಯ ಎರಡು ಭಾಗದಷ್ಟು ಆಳಕ್ಕೆ ಕೆರೆದು ತೆಗೆಯಿರಿ. ಕೆಟ್ಟುದರ ಮೇಲೆಯೇ ತೆಳುವಾಗಿ ಬಳಿದ ಹೊಸ ಗ್ರೌಟ್ ಹೆಚ್ಚು ಕಾಲ ನಿಲ್ಲದು. ಧೂಳು ತೆಗೆದು, ಸಂದನ್ನು ತುಸು ತೇವಗೊಳಿಸಿ, ರಬ್ಬರ್ ಅಂಚಿನ ಕರಣೆಯಿಂದ ಹೊಸ ಗ್ರೌಟನ್ನು ಓರೆಯಾಗಿ ಒತ್ತಿ ತುಂಬಿ, ತಯಾರಕರು ಹೇಳಿದಷ್ಟು ದಿನ ಹದವಾಗಲು ಬಿಟ್ಟು, ಆಮೇಲೆ ಒಳಗೆ ಇಂಗಿ ಕಲೆ ಇಳಿಯುವುದನ್ನು ನಿಧಾನಗೊಳಿಸುವ ಸೀಲರ್ ಹಚ್ಚಿ. ಆಮ್ಲ ಬೀಳುವುದು ತಪ್ಪದೆಂದಾದರೆ ಸಿಮೆಂಟ್ ಗ್ರೌಟಿನ ಬದಲು ರಾಳದಿಂದ ಮಾಡಿದ ಎಪಾಕ್ಸಿ ಗ್ರೌಟ್ ಬಳಸುವುದು ವಿವೇಕ.

ಕಟ್ಟಡದ ಕೆಲಸ ಮುಗಿದ ಮೇಲೆ ಟೈಲ್ಸ್ ಮೇಲಿನ ಸಿಮೆಂಟ್ ಮಬ್ಬನ್ನು ತೆಗೆಯಲು ಹೈಡ್ರೋಕ್ಲೋರಿಕ್ ಆಮ್ಲ ಸುರಿಯುವ ರೂಢಿಯಿದೆ. ಅದರ ಬದಲು ಸಲ್ಫಾಮಿಕ್ ಆಮ್ಲದ ತೆಳು ದ್ರಾವಣ ಸಾಕು, ಅದೂ ಗ್ರೌಟ್ ಹದವಾದ ಮೇಲೆ. ಮೊದಲು ಸಂದುಗಳಿಗೆ ನೀರು ಕುಡಿಸಿ ತಣಿಸಬೇಕು. ತಣಿದ ಗ್ರೌಟ್ ಆಮ್ಲವನ್ನು ಒಳಗೆ ಎಳೆದುಕೊಳ್ಳುವುದಿಲ್ಲ. ಅಕ್ಕಪಕ್ಕದಲ್ಲಿ ಮಾರ್ಬಲ್ ಇದ್ದರೆ ಈ ತೆಳು ಆಮ್ಲವೂ ಬೇಡ.

ಸಿಮೆಂಟ್ ಮತ್ತು ಬಣ್ಣದ ಸಿಮೆಂಟ್ ನೆಲ

ಆಮ್ಲ ಬಿದ್ದ ಸಿಮೆಂಟ್ ನೆಲದಲ್ಲಿ ಮೇಲಿನ ನಯವಾದ ಪದರ ಹೋಗಿ ಮರಳಿನ ಕಣಗಳು ಹೊರಬರುತ್ತವೆ. ಅಡುಗೆ ಸೋಡಾ ನೀರಿನಿಂದ ಶಮನಗೊಳಿಸಿ, ಹಲವು ಸಲ ತೊಳೆದು, ಒದ್ದೆ ನೆಲದ ಮೇಲೆ ಪಿಎಚ್ ಕಾಗದ ಒತ್ತಿ ಆಮ್ಲ ಉಳಿದಿಲ್ಲವೆಂದು ನೋಡಿ. ಸಡಿಲ ಪುಡಿಯನ್ನು ಉಜ್ಜಿ ತೆಗೆದು ಸೋಡಿಯಂ ಅಥವಾ ಲಿಥಿಯಂ ಸಿಲಿಕೇಟ್ ಇರುವ ಗಟ್ಟಿಕಾರಕವನ್ನು ಹರಡಿದರೆ, ಅದು ಸಿಮೆಂಟಿನೊಳಗಿನ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಜೊತೆ ಸೇರಿ ರಂಧ್ರಗಳನ್ನು ತುಂಬುವ ಹೊಸ ಬಂಧಕವಾಗುತ್ತದೆ. ನೆಲ ಹೀರದೆ ಬಿಟ್ಟ ದ್ರವವನ್ನು ಒರೆಸಿ ತೆಗೆಯದಿದ್ದರೆ ಅದು ಬಿಳಿ ಹೊಪ್ಪಳೆಯಾಗಿ ಗಟ್ಟಿಯಾಗುತ್ತದೆ.

ಕೆಂಪು ಅಥವಾ ಹಳದಿ ಸಿಮೆಂಟ್ ನೆಲದ ಬಣ್ಣ ಸಾಮಾನ್ಯವಾಗಿ ಕಬ್ಬಿಣದ ಆಕ್ಸೈಡಿನದು. ಅದು ಕ್ಷಾರಕ್ಕೂ ಬ್ಲೀಚ್‌ಗೂ ಜಗ್ಗುವುದಿಲ್ಲ, ಆದರೆ ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಕರಗುತ್ತದೆ. ಹೀಗಾಗಿ ಬ್ಲೀಚ್ ಹಾಕಿದ ನಂತರ ಕೆಂಪು ನೆಲ ಬಿಳಿಚಿದಂತೆ ಕಂಡರೆ ಗಾಬರಿ ಬೇಡ. ಅದು ಹೆಚ್ಚಾಗಿ ಒಣಗಿದ ಉಪ್ಪು. ಒಣ ಬ್ರಷ್‌ನಿಂದ ಉಜ್ಜಿ ತೆಗೆದು, ಬಳಿಕ ಸ್ವಲ್ಪವೇ ನೀರಿನಿಂದ ಒರೆಸಿ, ಚೆನ್ನಾಗಿ ಆರಿದ ಮೇಲೆ ಮೇಣ ಹಚ್ಚಿ.

ಮರದ ನೆಲ

ಪಾಲಿಯುರೆಥೇನ್ ಲೇಪ ಮಾತ್ರ ಮಂಕಾಗಿದ್ದು ಅಡಿಯ ಮರ ಚೆನ್ನಾಗಿದ್ದರೆ, 220ರ ಉಪ್ಪುಕಾಗದದಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ಧೂಳನ್ನು ಪೂರ್ತಿ ತೆಗೆದು, ಅದೇ ಬಗೆಯ ಲೇಪವನ್ನು ಒಂದು ಕೈ ಹೊಡೆಯಬಹುದು. ಆದರೆ ಹಲಗೆಯ ಮಧ್ಯದಲ್ಲಿ ತೇಪೆ ಹಾಕಬೇಡಿ. ಅಂಚು ಎದ್ದು ಕಾಣುತ್ತದೆ. ಒಂದಿಡೀ ಹಲಗೆಯನ್ನು, ಸಾಧ್ಯವಾದರೆ ಕೋಣೆಯನ್ನೇ ಒಟ್ಟಿಗೆ ಮಾಡಬೇಕು. ಮೇಣ ಅಥವಾ ಸಿಲಿಕೋನ್ ಇರುವ ಹೊಳಪುಕಾರಕವನ್ನು ಹಿಂದೆಂದಾದರೂ ಬಳಸಿದ್ದರೆ ಹೊಸ ಲೇಪ ಕಚ್ಚಿಕೊಳ್ಳದೆ ಗುಳಿಗುಳಿಯಾಗುತ್ತದೆ, ಆದ್ದರಿಂದ ಮೂಲೆಯಲ್ಲಿ ಸ್ವಲ್ಪ ಹೊಡೆದು, ಗಟ್ಟಿಯಾದ ಮೇಲೆ ಉಗುರಿನಿಂದ ಕೆರೆದು ಪರೀಕ್ಷಿಸದೆ ಮುಂದುವರಿಯಬಾರದು.

ಎಣ್ಣೆ ಕುಡಿಸಿದ ನೆಲದ ದೊಡ್ಡ ಅನುಕೂಲವೆಂದರೆ ಸಣ್ಣ ಜಾಗವನ್ನಷ್ಟೇ ಉಜ್ಜಿ ಮತ್ತೆ ಎಣ್ಣೆ ಹಚ್ಚಬಹುದು. ಇಲ್ಲೊಂದು ಎಚ್ಚರಿಕೆಯನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ: ಅಗಸೆ ಎಣ್ಣೆಯಂಥ ಒಣಗುವ ಎಣ್ಣೆಯಲ್ಲಿ ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ, ಎಣ್ಣೆ ಗಾಳಿಯೊಡನೆ ವರ್ತಿಸುವಾಗ ಹುಟ್ಟುವ ಶಾಖ ಒಳಗೇ ಸೇರಿ ಕಿಡಿಯಿಲ್ಲದೆಯೇ ಬೆಂಕಿ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ಹೊರಗೆ ಒಂದೇ ಪದರವಾಗಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿಡಿ.

ಮರದಲ್ಲಿ ಸಹಜವಾಗಿರುವ ಟ್ಯಾನಿನ್ ಎಂಬ ಒಗರು ಪದಾರ್ಥ ಮತ್ತು ಕಬ್ಬಿಣ ನೀರಿನಲ್ಲಿ ಸೇರಿ ಉಂಟಾಗುವ ಕಪ್ಪು ಕಲೆಗೆ ಆಕ್ಸಾಲಿಕ್ ಆಮ್ಲವೇ ಮದ್ದು. ಲೇಪ ತೆಗೆದ ಬರಿಯ ಮರದ ಮೇಲೆ, ಒಂದು ಲೀಟರ್ ಬೆಚ್ಚನೆಯ ನೀರಿಗೆ 50 ಗ್ರಾಂನಷ್ಟು ಬೆರೆಸಿ, ಹಲಗೆಯ ಉದ್ದಕ್ಕೂ ಹಚ್ಚಿ. ಕಲೆ ತಿಳಿಯಾದ ಮೇಲೆ ಶುದ್ಧ ನೀರಿನ ಬಟ್ಟೆಯಿಂದ ಮೂರು ನಾಲ್ಕು ಸಲ ಒರೆಸಿ ತೆಗೆಯಿರಿ. ಈ ಆಮ್ಲ ವಿಷಕಾರಿ. ಸರಿಯಾಗಿ ತೊಳೆಯದೆ ಉಪ್ಪುಕಾಗದ ಹಾಕಿದರೆ ಅದರ ಪುಡಿ ಉಸಿರಿಗೆ ಸೇರುತ್ತದೆ.

ವಿನೈಲ್, ಲಿನೋಲಿಯಂ ಮತ್ತು ಪಾಲಿಮರ್ ಲೇಪ

ವಿನೈಲ್ ಮೇಲೆ ರಬ್ಬರ್ ಅಡಿಯ ಮ್ಯಾಟ್ ಇಟ್ಟಲ್ಲಿ ಕಾಣುವ ಹಳದಿ ಛಾಯೆಗೆ ಪರಿಹಾರವಿಲ್ಲ. ರಬ್ಬರಿನೊಳಗಿನ ರಾಸಾಯನಿಕ ವಿನೈಲಿನೊಳಕ್ಕೇ ಸೇರಿಕೊಂಡಿರುತ್ತದೆ, ಆ ತುಂಡನ್ನೇ ಬದಲಿಸಬೇಕು. ಲಿನೋಲಿಯಂನಲ್ಲಿ ಕಾರ್ಪೆಟ್ ಅಡಿಯಲ್ಲಿ ಕಾಣುವ ಹಳದಿ ಬೇರೆಯೇ ಸಂಗತಿ: ಬೆಳಕು ತಾಗದ ಅಗಸೆ ಎಣ್ಣೆಯ ಸಹಜ ಗುಣವದು, ಬೆಳಕಿಗೆ ತೆರೆದಿಟ್ಟರೆ ತಾನಾಗಿ ಮಾಯವಾಗುತ್ತದೆ. ಅದನ್ನು ಬ್ಲೀಚ್‌ನಿಂದ ಅಳಿಸಹೊರಟವರು ಒಳ್ಳೆಯ ನೆಲವನ್ನು ಕೆಡಿಸಿಕೊಂಡಂತೆಯೇ.

ಈ ನೆಲಗಳ ಮೇಲಿನ ಪಾಲಿಮರ್ ಲೇಪ ಕೆಟ್ಟಿದ್ದರೆ ಅದನ್ನು ಸ್ಟ್ರಿಪ್ಪರ್ ಎಂಬ ಲೇಪ ಬಿಡಿಸುವ ದ್ರವದಿಂದ ತೆಗೆದು ಹೊಸದಾಗಿ ಬಳಿಯಬೇಕು. ತಯಾರಕರು ಹೇಳಿದ ಅಳತೆಯಲ್ಲಿ ಬೆರೆಸಿದ ಸ್ಟ್ರಿಪ್ಪರ್ ಹರಡಿ, 5ರಿಂದ 10 ನಿಮಿಷ ಒಣಗದಂತೆ ನೋಡಿಕೊಂಡು, ಪ್ಯಾಡಿನಿಂದ ಉಜ್ಜಿ, ನೀರನ್ನೂ ಹೀರುವ ವೆಟ್ ವ್ಯಾಕ್ಯೂಮ್ ಯಂತ್ರದಿಂದ ಎಳೆದು ತೆಗೆಯಿರಿ. ಲಿನೋಲಿಯಂಗಾದರೆ ಅದಕ್ಕೆಂದೇ ತಯಾರಾದ ಸೌಮ್ಯ ಸ್ಟ್ರಿಪ್ಪರ್ ಬೇಕು. ಕನಿಷ್ಠ ಎರಡು ಸಲ ತೊಳೆದು, ಕೊನೆಯ ನೀರಿನ ಪಿಎಚ್ 7ರ ಹತ್ತಿರ ಬಂದಿದೆಯೇ ಎಂದು ನೋಡಿ. ಹೊಸ ಲೇಪ ಪುಡಿಪುಡಿಯಾಗಿ ಏಳುವುದಕ್ಕೆ ಉಳಿದುಹೋದ ಸ್ಟ್ರಿಪ್ಪರ್ ಮುಖ್ಯ ಕಾರಣಗಳಲ್ಲೊಂದು. ಪೂರ್ತಿ ಒಣಗಿದ ಮೇಲೆ ಮೂರರಿಂದ ಐದು ತೆಳು ಪದರ ಬಳಿಯಿರಿ, ಪ್ರತಿ ಪದರ ಆರಿದ ನಂತರವೇ ಮುಂದಿನದು.

ಮತ್ತೆ ಆಗದಂತೆ ತಡೆಯುವುದು

ಸೀಲರ್ ಬಗ್ಗೆ ಇರುವ ತಪ್ಪು ತಿಳಿವಳಿಕೆಯನ್ನು ಮೊದಲು ಬಿಡಬೇಕು. ಕಲ್ಲಿನೊಳಗೆ ಇಂಗುವ ಸೀಲರ್ ಕಲೆ ಇಳಿಯುವುದನ್ನು ನಿಧಾನಗೊಳಿಸುತ್ತದೆ, ಆದರೆ ಆಮ್ಲದ ಸವೆತವನ್ನು ತಡೆಯುವುದಿಲ್ಲ, ಏಕೆಂದರೆ ಕಲ್ಲಿನ ಮೇಲ್ಮೈ ಆಮ್ಲಕ್ಕೆ ತೆರೆದೇ ಇರುತ್ತದೆ. ನೀರಿನ ಹನಿ ಕೆಲವೇ ನಿಮಿಷಗಳಲ್ಲಿ ಇಂಗಿ ಕಲ್ಲು ಗಾಢವಾದರೆ ಮತ್ತೆ ಸೀಲರ್ ಹಚ್ಚುವ ಕಾಲ ಬಂದಿದೆ ಎಂದು ತಿಳಿಯಿರಿ.

ದಿನನಿತ್ಯಕ್ಕೆ ತಟಸ್ಥ ಪಿಎಚ್‌ನ ಒಂದೇ ಕ್ಲೀನರ್ ಸಾಕು. ಮೊದಲು ಒಣಗುಡಿಸಿ ಮರಳು ತೆಗೆಯಿರಿ. ಕ್ಲೀನರನ್ನು ಮುಚ್ಚಳದಿಂದ ಅಳೆದು ಬಕೆಟ್ಟಿಗೆ ಹಾಕಿ, ನೆಲದ ಮೇಲೆ ನೇರವಾಗಿ ಸುರಿಯಬೇಡಿ. ಕೊಳೆನೀರು ಹಿಂಡಲು ಬೇರೆ ಬಕೆಟ್ ಇಟ್ಟುಕೊಳ್ಳಿ. ಲೇಬಲ್ಲಿನಲ್ಲಿ ಹೈಡ್ರೋಕ್ಲೋರಿಕ್, ಫಾಸ್ಫಾರಿಕ್, ಸಿಟ್ರಿಕ್, ಅಸಿಟಿಕ್ ಅಥವಾ ಲ್ಯಾಕ್ಟಿಕ್ ಆಮ್ಲದ ಹೆಸರಿದ್ದರೆ ಅದು ಮಾರ್ಬಲ್‌ಗೆ ವರ್ಜ್ಯ; ನೈಸರ್ಗಿಕ ಎಂದು ಬರೆದಿದ್ದರೂ ಅಷ್ಟೇ. ವಿನೆಗರ್ ಮತ್ತು ಅಡುಗೆ ಸೋಡಾ ಬೆರೆಸಿದ ಮನೆಮದ್ದು ಹೆಚ್ಚು ಜನಪ್ರಿಯ, ಆದರೆ ಎರಡೂ ಒಂದನ್ನೊಂದು ಶಮನಗೊಳಿಸಿ ಸೋಡಿಯಂ ಅಸಿಟೇಟ್ ಎಂಬ ಉಪ್ಪಿನ ನೀರಾಗುತ್ತವೆ. ಅದರಿಂದ ನೆಲಕ್ಕೆ ಹೆಚ್ಚಿನ ಪ್ರಯೋಜನವಿಲ್ಲ. ಸೋಂಕುನಾಶಕ ಬಳಸಲೇಬೇಕಾದಲ್ಲಿ ಲೇಬಲ್ಲು ಹೇಳಿದಷ್ಟು ನಿಮಿಷ ಬಿಟ್ಟು, ನಂತರ ನೀರಿನಿಂದ ತೊಳೆಯಿರಿ.

ಶೌಚಾಲಯಕ್ಕೆ ಬಳಸಿದ ಮಾಪ್ ಮನೆಯ ಬೇರೆ ನೆಲವನ್ನು ಮುಟ್ಟಬಾರದು. ಅಲ್ಲಿ ಆಮ್ಲ ಹಾಕುವ ದಿನ ಹೊಸ್ತಿಲ ಬಳಿಯ ಮಾರ್ಬಲ್ ಮೇಲೆ ದಪ್ಪ ಒದ್ದೆ ಬಟ್ಟೆ ಹಾಸಿಡಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಇಟ್ಟ ಜಾಗದಲ್ಲಿ ತೊಟ್ಟಿಕ್ಕುವ ಹನಿಗಳು ಲೇಪವನ್ನು ತಿನ್ನುವುದರಿಂದ ಅಡಿಯಲ್ಲಿ ತಟ್ಟೆಯಿರಲಿ. ಹೂಕುಂಡಗಳ ಅಡಿಯಲ್ಲೂ ಹಾಗೆಯೇ, ಏಕೆಂದರೆ ಗೊಬ್ಬರದ ನೀರಿನ ಲವಣಗಳು ಸಂದುಗಳಲ್ಲಿ ಇಳಿಯುತ್ತವೆ. ಸಾಕುಪ್ರಾಣಿಯ ಮೂತ್ರ ಒಣಗಲು ಬಿಟ್ಟರೆ ಕೊಳೆತು ಅಮೋನಿಯಾ ಬಿಡುತ್ತದೆ, ಕಂಡ ಕೂಡಲೇ ಒತ್ತಿ ಹೀರಿಸಿ.

ಆಮ್ಲದ ಸೀಸೆಯನ್ನು ಮುಚ್ಚಿದ ಕಪಾಟಿನಲ್ಲಿ ನಲ್ಲಿ, ಉಪಕರಣಗಳ ಪಕ್ಕ ಇಡಬೇಡಿ. ಮುಚ್ಚಳ ಬಿಗಿಯಿಲ್ಲದಿದ್ದರೆ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಲೋಹಕ್ಕೆ ತುಕ್ಕು ಹಿಡಿಸುತ್ತದೆ. ಗಾಳಿಯಾಡುವ ಜಾಗದಲ್ಲಿ, ಮಕ್ಕಳಿಗೆ ಎಟುಕದಂತೆ, ಪ್ಲಾಸ್ಟಿಕ್ ತಟ್ಟೆಯೊಳಗೆ, ಬ್ಲೀಚ್‌ನಿಂದ ದೂರವಾಗಿ ಇಡಿ. ಅದನ್ನು ತೆಳುಗೊಳಿಸುವಾಗ ನೀರಿಗೆ ಆಮ್ಲ ಹಾಕಬೇಕೇ ಹೊರತು ಆಮ್ಲಕ್ಕೆ ನೀರನ್ನಲ್ಲ. ನೆಲ ಹಾಕಿಸಿದ ದಿನವೇ ಕಲ್ಲಿನ ಅಥವಾ ಲೇಪದ ಹೆಸರು, ಸೀಲರ್ ಯಾವುದು, ಯಾವಾಗ ಹಚ್ಚಿದ್ದು ಎಂಬುದನ್ನು ಬರೆದು, ಉಳಿದ ಟೈಲ್ಸ್ ಮತ್ತು ಹಲಗೆಗಳ ಜೊತೆ ತೆಗೆದಿಡಿ. ಹೊಸ ಕ್ಲೀನರ್ ತಂದಾಗಲೆಲ್ಲ ಮೊದಲ ಹನಿ ಆ ಉಳಿದ ತುಂಡಿನ ಮೇಲೆ ಬೀಳಲಿ, ಒಂದು ದಿನ ಬಿಟ್ಟು ನೋಡಿದ ಮೇಲೆ ನೆಲಕ್ಕೆ.